ಗೋಡೆ ಮುನಿಸು

ನಮ್ಮೂರಲ್ಲಿ ಮಗಳಿಗೆ ಗಂಡು ಹುಡುಕುವವರು ಮೊದಲು ನೋಡುವುದು ಹುಡುಗನ ಭುಜದ ಅಗಲವನ್ನು. ಅಗಲ ಭುಜದವನಿಗೆ ಕಚೇರಿಯಲ್ಲಿ ಕೆಲಸ ಸಿಗುವುದಿಲ್ಲ. ಸಿಕ್ಕರೂ ಒಳಗೆ ಹೋಗಲು ಆಗುವುದಿಲ್ಲ. ಪುರಸಭೆಯ ಗುಮಾಸ್ತರೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾರೆ. ನ್ಯಾಯಾಲಯದಲ್ಲಿ ವಾದಿ ಹೊರಗೆ ಬಂದ ಮೇಲೆಯೇ ಪ್ರತಿವಾದಿ ಒಳಗೆ ಹೋಗಬೇಕು. ಇದರಿಂದ ಊರಲ್ಲಿ ಜಗಳ ಕಡಿಮೆಯಾಗಿದೆ ಎನ್ನುವವರೂ ಇದ್ದಾರೆ, ನಾನಂತೂ ನಂಬುವುದಿಲ್ಲ. ವಿಷಯ ಇಷ್ಟೇ: ನಮ್ಮೂರಲ್ಲಿ ಗೋಡೆಗೆ ಹಚ್ಚಿದ ಬಣ್ಣ ಊದಿಕೊಳ್ಳುತ್ತದೆ. ಇವತ್ತು ಬಳಿದರೆ ನಾಳೆ ಬೆಳಗ್ಗೆ ಬೆರಳು ದಪ್ಪ ಆಗಿರುತ್ತದೆ. ಮನೆಗಳಿಗೆ ಬರೀ ಸುಣ್ಣ ಹೊಡೆಯುತ್ತೇವೆ, ಸುಣ್ಣ ಊದುವುದಿಲ್ಲ. ಆದರೆ ಜನ ಕೂತು ಕೆಲಸ ಮಾಡುವ ಕಟ್ಟಡಕ್ಕೆ ವರ್ಷಕ್ಕೊಮ್ಮೆ ಬಣ್ಣ ಆಗಲೇಬೇಕು, ಹಚ್ಚಿದ ಬಣ್ಣವನ್ನು ತೆಗೆಯಲೇಬಾರದು. ನಮ್ಮ ಅಜ್ಜಂದಿರೂ ಹಾಗೇ ಬದುಕಿದರು, ನಾವೂ ಹಾಗೇ ಹೊಂದಿಕೊಂಡಿದ್ದೆವು.

ನಾನು ತುಂಗಮ್ಮ, ಕೊಡೆ ಕಾರ್ಖಾನೆಯಲ್ಲಿ ಹೆಂಗಸರ ಮೇಲೆ ಮೇಸ್ತ್ರಿ. ಎಲ್ಲರೂ ಮೇಸ್ತ್ರಕ್ಕ ಎನ್ನುತ್ತಾರೆ. ಹಿಂದಿನಿಂದ ಬೇರೇನೋ ಅನ್ನುತ್ತಾರಂತೆ, ಅದು ನನಗೆ ಬೇಡ. ನಾನು ಕೆಲಸಕ್ಕೆ ಸೇರಿದಾಗ ಆ ಕೋಣೆಯಲ್ಲಿ ಹತ್ತಾರು ಹೆಂಗಸರು ಕೊಡೆ ಬಿಚ್ಚಿ ನಿಂತರೂ ನಡುವೆ ಓಡಾಡಲು ಜಾಗ ಇರುತ್ತಿತ್ತು. ಆಮೇಲೆ ವರ್ಷ ವರ್ಷ ಗೋಡೆಗಳು ಹತ್ತಿರ ಬಂದವು. ಈ ಗೋಡೆಗೆ ಬೆನ್ನು ಕೊಟ್ಟವಳ ಮೊಣಕಾಲು ಆ ಗೋಡೆಗೆ ಬೆನ್ನು ಕೊಟ್ಟವಳ ಮೊಣಕಾಲಿಗೆ ತಾಗುವ ಹಾಗಾಯಿತು. ಹೊಲಿದ ಕೊಡೆಯನ್ನು ಪೂರ್ತಿ ಬಿಚ್ಚಿ ನೋಡುವಂತಿರಲಿಲ್ಲ. ಅರ್ಧ ಬಿಚ್ಚಿ, ದೇವರ ಮೇಲೆ ಭಾರ ಹಾಕಿ ಪಾಸು ಮಾಡುತ್ತಿದ್ದೆವು. ಆ ಅರ್ಧ ಬಿಚ್ಚುವುದರಲ್ಲೇ ಕಡ್ಡಿಗಳ ತುದಿ ಗೋಡೆಗೆ ಉಜ್ಜಿ ಬಣ್ಣ ಪುಡಿಪುಡಿಯಾಗಿ ಉದುರುತ್ತಿತ್ತು. ಒಬ್ಬೊಬ್ಬಳ ಬೆನ್ನ ಹಿಂದೆಯೂ ಕಡ್ಡಿ ಕೊರೆದ ಒಂದೊಂದು ಗುಂಡಿ. ತಲೆಯಲ್ಲಿ ಪುಡಿ, ಸೆರಗಲ್ಲಿ ಪುಡಿ, ಬುತ್ತಿಯ ಮೇಲೂ ಪುಡಿ. ನಮಗೆ ದಿನಾ ಓಕುಳಿ ಕಣ್ರೇ ಎಂದು ನಗಾಡುತ್ತಾ ಪುಡಿ ಊದಿ ತಿನ್ನುತ್ತಿದ್ದೆವು. ಯಜಮಾನರು ಧರಣೇಂದ್ರಯ್ಯನವರು ಒಳ್ಳೆಯವರೇ, ಆದರೆ ಹೊಟ್ಟೆ ದೊಡ್ಡದು. ತಮ್ಮ ಕಾರ್ಖಾನೆಯೊಳಗೆ ಅವರು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಅವರು ಕೂಗಿ ಕೇಳುವುದು, ಒಳಗಿನಿಂದ ನಾನು ಕೂಗಿ ಹೇಳುವುದು, ಹೀಗೆ ನಡೆಯುತ್ತಿತ್ತು ವ್ಯವಹಾರ.

ಬಣ್ಣ ಹಚ್ಚುವ ದಿನ ನಮಗೆ ಹಬ್ಬ. ಬಣ್ಣದ ಚೌಡಪ್ಪ ಕುಂಚ ಕೆಳಗಿಟ್ಟ ಕೂಡಲೇ ಪ್ರತಿಯೊಬ್ಬಳೂ ತಾನು ಕೂರುವ ಕಡೆ, ಇನ್ನೂ ಹಸಿಯಾಗಿರುವ ಬಣ್ಣದ ಮೇಲೆ ಅಂಗೈ ಒತ್ತಬೇಕು. ಮುಂದಿನ ವರ್ಷದ ಬಣ್ಣ ಅದನ್ನು ಮುಚ್ಚುತ್ತದೆ, ಮತ್ತೆ ಕೈ ಒತ್ತುತ್ತೇವೆ. ‘ನನ್ನ ಕೈ ಆ ಗೋಡೆಯಲ್ಲಿದೆ’ ಎಂದರೆ ನಮ್ಮೂರಲ್ಲಿ ದೊಡ್ಡ ಮಾತು. ಸತ್ತವರ ಕೈಯೂ ಅಲ್ಲೇ ಇರುತ್ತದೆ, ಒಳಗೆ.

ನಮ್ಮ ಜೊತೆ ಹೊಲಿಯುವ ನೀಲವೇಣಿ, ಅಂದರೆ ನಮ್ಮ ನೀಲಾ, ಅವಳ ಅಮ್ಮ ಸಾಕಮ್ಮನ ಕೈ ಹಾಗೆ ಒಳಗಿತ್ತು. ಸಾಕಮ್ಮ ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು. ನಗುವಿಗೆ ಕಾರಣವೇ ಬೇಡದ ಹೆಣ್ಣು. ಒಮ್ಮೆ ಕೊಡೆಯ ಸ್ಪ್ರಿಂಗು ಸಿಡಿದು ಬಲಗೈ ಕಿರುಬೆರಳು ಸೊಟ್ಟಗಾಗಿತ್ತು, ಅದನ್ನೇ ಆಡಿಸಿ ಮಕ್ಕಳನ್ನು ನಗಿಸುತ್ತಿದ್ದಳು. ಆಗಿನ ಯಜಮಾನರು, ಈಗಿನವರ ತಂದೆ, ಎಲ್ಲಿಂದಲೋ ಒಂದು ಕೆಂಪು ಬಣ್ಣ ತರಿಸಿದ್ದರು, ಸಿಂಧೂರದ ಹಾಗೆ ಉರಿಯುವ ಕೆಂಪು. ಆ ವರ್ಷ ಎಲ್ಲರೂ ಆಸೆಯಿಂದ ಕೈ ಒತ್ತಿದೆವು. ಮರುವರ್ಷ ಕೈ ಒತ್ತಲು ಸಾಕಮ್ಮನ ಕೈ ಏಳಲಿಲ್ಲ. ಮೊದಲು ಹೊಟ್ಟೆನೋವು, ಆಮೇಲೆ ಮಣಿಕಟ್ಟು ಸೋತು ಎರಡು ಕೈಯೂ ಬಾಡಿದ ಸೊಪ್ಪಿನ ಹಾಗೆ ಜೋತುಬಿದ್ದವು. ನಮ್ಮೂರಲ್ಲಿ ಇದಕ್ಕೆ ಗೋಡೆ ಮುನಿಸು ಎನ್ನುತ್ತಾರೆ. ಎಷ್ಟೋ ಜನಕ್ಕೆ ಬಂದಿದೆ, ಯಜಮಾನರ ತಂದೆಗೂ ಬಂತು. ಗೋಡೆ ಮುನಿದರೆ ಮದ್ದು ಒಂದೇ: ಗೋಡೆಗೆ ಇನ್ನೊಂದು ಸಲ ಬಣ್ಣ ಹಚ್ಚಿಸಿ ಸಮಾಧಾನ ಮಾಡುವುದು. ಹಚ್ಚಿಸಿದೆವು. ಸಾಕಮ್ಮ ಉಳಿಯಲಿಲ್ಲ. ನೀಲಾ ಆಗ ತೊದಲು ಮಾತಾಡುವ ಕೂಸು. ಸಾಕಮ್ಮನದು ಒಂದು ಫೋಟೋ ಕೂಡ ಇರಲಿಲ್ಲ. ಗೋಡೆಯೊಳಗಿನ ಆ ಕೈ ಬಿಟ್ಟರೆ ಮಗಳಿಗೆ ಅಮ್ಮನ ಗುರುತು ಅಂತ ಏನೂ ಉಳಿಯಲಿಲ್ಲ.

ದೊಡ್ಡವಳಾದ ಮೇಲೆ ನೀಲಾ ಹಟ ಹಿಡಿದು ಅದೇ ಜಾಗದಲ್ಲಿ ಕೂತಳು. ಗೋಡೆಗೆ ಬೆನ್ನು ಒರಗಿಸಿ ಹೊಲಿಯುತ್ತಿದ್ದಳು. ಮದುವೆಯಾಯಿತು, ಎರಡು ಸಲ ಬಸಿರಾಗಿ ಎರಡು ಸಲವೂ ಇಳಿದುಹೋಯಿತು. ಎರಡನೆಯ ಸಲ ಅವಳು ಅಳಲೂ ಇಲ್ಲ. ಸುಮ್ಮನೆ ಸೂರು ನೋಡುತ್ತಾ ಮಲಗಿದ್ದಳು, ನಾನು ಗಂಜಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ. ಮೂರನೆಯ ಸಲ ನಿಂತಿತು ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಾಗ ನನಗೆ ಖುಷಿಗಿಂತ ಮೊದಲು ಹೆದರಿಕೆ ಬಂತು. ಅವತ್ತೇ ನಿರ್ಧಾರ ಮಾಡಿದೆ: ಈ ಮಗುವನ್ನು ಕಳೆದುಕೊಳ್ಳಬಾರದು, ಏನಾದರೂ ಸರಿ. ಅವಳನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರ್ ರೆಹಾನಾ ನಮ್ಮೂರಿಗೆ ಹೊಸಬರು. ಭುಜ ಅಗಲ, ಅದಕ್ಕೇ ಆಸ್ಪತ್ರೆಯೊಳಗೆ ಹಿಡಿಸದೆ ಮುಂದಿನ ಮರದಡಿಯಲ್ಲೇ ಕೂತು ರೋಗಿಗಳನ್ನು ನೋಡುತ್ತಿದ್ದರು. ನೀಲಾಳ ಬಾಯಿ ತೆರೆಸಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಗೆರೆ ಇತ್ತು. ಅದು ನಮಗೆಲ್ಲ ಇದೆ, ನೀಲಾಗೆ ಹೆಸರೇ ನೀಲಾ ಅಂತ ನಾನು ನಕ್ಕೆ. ಅವರು ನಗಲಿಲ್ಲ. ರಕ್ತ ತೆಗೆಸಿದರು, ನನ್ನದನ್ನೂ ತೆಗೆಸಿದರು. ಮರುವಾರ ಅವರೇ ಕಾರ್ಖಾನೆಗೆ ಬಂದು, ಉಸಿರು ಬಿಗಿಹಿಡಿದು ಅಡ್ಡಡ್ಡ ಒಳಗೆ ತೂರಿ, ಗೋಡೆಯ ಗುಂಡಿಗಳಿಂದ ಒಂದೊಂದು ಚಕ್ಕೆ ತೆಗೆದುಕೊಂಡು ಹೋದರು. ಪರೀಕ್ಷೆಯ ವರದಿ ಬಂದ ಮೇಲೆ ಮರದಡಿ ನನ್ನನ್ನು ಕೂರಿಸಿಕೊಂಡರು. “ತುಂಗಮ್ಮಾ, ನಿಮ್ಮ ಗೋಡೆಗೆ ಮುನಿಸೂ ಇಲ್ಲ, ಪ್ರೀತಿಯೂ ಇಲ್ಲ. ಅದರ ಬಣ್ಣದಲ್ಲಿ ಸೀಸ ಇದೆ. ಹಳೇದರಲ್ಲೆಲ್ಲ ಇದೆ, ಆ ಕೆಂಪಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಪುಡಿ ಉಸಿರಲ್ಲಿ ಹೋಗುತ್ತೆ, ಕೈಯಿಂದ ಬಾಯಿಗೆ ಹೋಗುತ್ತೆ, ಬಟ್ಟೆಗೆ ಅಂಟಿ ಮನೆಗೂ ಹೋಗುತ್ತೆ. ಹೊಟ್ಟೇಲಿರೋ ಮಗುವಿಗೂ ಹೋಗುತ್ತೆ,” ಎಂದರು. ಸಾಕಮ್ಮನ ಜೋತ ಕೈ ನನ್ನ ಕಣ್ಣ ಮುಂದೆ ಬಂತು. ಅವಳ ಕಾಯಿಲೆಗೆ ಮದ್ದು ಅಂತ ನಾವು ಇನ್ನಷ್ಟು ಬಣ್ಣವನ್ನೇ ಹಚ್ಚಿಸಿದ್ದೆವು.

ನೀಲಾಳನ್ನು ಒಳಗೆ ಬಿಡುವುದಿಲ್ಲ ಎಂದೆ. ಅವಳು ಬಾಗಿಲಲ್ಲೇ ನಿಂತು, “ನಾನು ಎದ್ದು ಹೋದ್ರೆ ಅಮ್ಮನ ಹತ್ರ ಯಾರು ಕೂರ್ತಾರೆ ಮೇಸ್ತ್ರಕ್ಕ?” ಎಂದಳು. “ನಿಮ್ಮಮ್ಮನಿಗೆ ಕೂರೋರು ಬೇಡ ಕಣೇ. ನಿನ್ನ ಮಗೂಗೆ ಬೇಕು. ನಡಿ ಮನೆಗೆ,” ಎಂದು ಗದರಿದೆ. ಹೊಸ ಬಟ್ಟೆಯ ಗಂಟು ಅವಳ ಮನೆಗೇ ಹೊರಿಸಿ, ಅಲ್ಲೇ ಅಂಚು ಹೊಲಿಯಲು ಕೂರಿಸಿದೆ.

ಆಮೇಲೆ ಯಜಮಾನರ ಕುರ್ಚಿಯ ಮುಂದೆ ನಿಂತೆ. ಗೋಡೆಯ ಬಣ್ಣ ತೆಗೆಸಬೇಕು ಎಂದದ್ದೇ ತಡ, ಅವರು ಎರಡು ಕಿವಿಯನ್ನೂ ಮುಚ್ಚಿಕೊಂಡರು. “ಹಚ್ಚಿದ್ದನ್ನ ತೆಗೆಯೋದುಂಟಾ ತುಂಗಮ್ಮ? ಊರಲ್ಲಿ ಎಲ್ಲಾದ್ರೂ ಕೇಳಿದೀಯಾ?” ನಾನು, “ಹಾಗಾದ್ರೆ ಒಳಗೆ ಬಂದು ಹೆಂಗಸರಿಗೆ ನೀವೇ ಹೇಳಿ ಸ್ವಾಮಿ,” ಎಂದೆ. ಅವರು ತಮ್ಮ ಹೊಟ್ಟೆ ನೋಡಿಕೊಂಡರು. ಕೋಣೆಯ ಆ ತುದಿಯಲ್ಲಿ ಅವರ ತಂದೆ ಕೂರುತ್ತಿದ್ದ ಬೆತ್ತದ ಕುರ್ಚಿ ಈಗಲೂ ಇತ್ತು. ಹೊರಗೆ ತರಲಾಗದೆ ಅಲ್ಲೇ ಉಳಿದುಹೋಗಿತ್ತು. ಅದರ ಮೇಲೆ ಒಮ್ಮೆ ಕೂರಬೇಕೆಂದು ಇವರಿಗೆ ಎಷ್ಟು ಆಸೆ ಎಂಬುದು ನನಗೆ ಗೊತ್ತಿತ್ತು. ಆ ತಂದೆಯ ನೆನಪನ್ನೇ ಹಿಡಿದೆ. “ನಿಮ್ಮ ತಂದೆಯವರು ಕೊನೇ ದಿನಗಳಲ್ಲಿ ಅನ್ನ ಹೇಗೆ ತಿಂತಿದ್ರು ನೆನಪಿದೆಯಾ?” ಎಂದೆ. ಅವರ ಮುಖ ಇಳಿಯಿತು. “ಅಮ್ಮ ತಿನ್ನಿಸ್ತಿದ್ರು. ಕೈ ಏಳ್ತಿರ್ಲಿಲ್ಲ,” ಎಂದು ಮೆಲ್ಲಗೆ ಹೇಳಿದರು. ಎದ್ದು, ಪುರಸಭೆಯ ಬಾಗಿಲಿಗೆ ಹೋಗಿ ಹೊರಗಿನಿಂದಲೇ ಕೂಗಿ ಕೇಳಿಬಂದರು. ಬಣ್ಣ ತೆಗೆಯಬಾರದು ಎಂದು ಹೇಳಿದವರು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಈ ಮೊದಲು ಯಾರೂ ಕೇಳಿಯೇ ಇರಲಿಲ್ಲವಂತೆ.

ಬಣ್ಣದ ಚೌಡಪ್ಪ ಮರುದಿನವೇ ಉರಿ ಕಾರುವ ಸ್ಟವ್ವು, ಉಜ್ಜುವ ಮೆಷೀನು ಎಲ್ಲ ಹೊತ್ತುಕೊಂಡು ಹಾಜರಾದ. “ಸುಟ್ಟು ಉಜ್ಜಿದ್ರೆ ಎರಡೇ ದಿನ. ಗೋಡೆ ಬೋಳು ಮಾಡಿ ಕೊಡ್ತೀನಿ,” ಎಂದು ಮೀಸೆ ತಿರುವಿದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಡಾಕ್ಟರಮ್ಮ ಅವನ ಸ್ಟವ್ವಿನ ಮುಂದೆ ಕೈ ಅಡ್ಡ ಹಿಡಿದರು. ಸುಟ್ಟರೆ ಸೀಸ ಹೊಗೆಯಾಗಿ ಎದೆಗೆ ಇಳಿಯುತ್ತದೆ, ಒಣಗಿದ್ದನ್ನು ಉಜ್ಜಿದರೆ ಧೂಳಾಗಿ ಊರಿಗೇ ಹಂಚಿಕೆಯಾಗುತ್ತದೆ. ಗೋಡೆಯಲ್ಲಿದ್ದಾಗ ಆದದ್ದಕ್ಕಿಂತ ತೆಗೆಯುವಾಗಲೇ ಹೆಚ್ಚು ಜನಕ್ಕೆ ಕಾಯಿಲೆ ಹತ್ತಿಸಬಹುದು ಎಂದರು. ಎಲ್ಲವನ್ನೂ ಒದ್ದೆ ಮಾಡಿಯೇ ತೆಗೆಯಬೇಕು. ಬಣ್ಣ ಸಡಿಲಿಸುವ ಲೇಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ನೆನೆದ ಮೇಲೆ ಕೆರೆಯುವ ತಗಡಿನಿಂದ ಎಬ್ಬಿಸಬೇಕು. “ಏನ್ರಮ್ಮಾ, ಗೋಡೆಗೂ ಎಣ್ಣೆನೀರು ಹಾಕ್ಬೇಕಾ?” ಎಂದ ಚೌಡಪ್ಪ. “ಹಾಕ್ಬೇಕು. ಬಾಣಂತಿಗೆ ಹಾಕಿದಷ್ಟೇ ಜೋಪಾನವಾಗಿ,” ಎಂದೆ ನಾನು. ಅವನು ಮುಖ ಊದಿಸಿಕೊಂಡು ಸ್ಟವ್ವು ವಾಪಸು ಹೊತ್ತ. ಆದರೆ ತನ್ನ ರಕ್ತದ ವರದಿ ಬಂದ ದಿನ ತಾನಾಗಿಯೇ ಬಂದು, ಲೇಪ ಹೇಗೆ ಕಲೆಸುವುದು ಎಂದು ಕೇಳಿದ.

ಕೆಲಸ ಶುರುವಾಯಿತು. ಹೆಂಗಸರಿಗೆಲ್ಲ ದೂರದ ಗೋದಾಮಿನ ಅಂಗಳದಲ್ಲಿ ಚಪ್ಪರ ಹಾಕಿ ಹೊಲಿಗೆ ಕೊಟ್ಟೆವು. ಕೋಣೆಯ ನೆಲಕ್ಕೆ, ಕಿಟಕಿಗೆ, ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ಕು. ಬಾಗಿಲಿಗೆ ಒಂದರ ಹಿಂದೆ ಒಂದು ಪರದೆ, ನಡುವೆ ಬಟ್ಟೆ ಬದಲಿಸುವ ಜಾಗ. ಒಳಗಿನ ಬಟ್ಟೆ ಒಳಗೇ, ಹೊರಗಿನದು ಹೊರಗೇ. ಮೂಗಿಗೆ ಸೆರಗು, ಟವೆಲು ನಡೆಯುವುದಿಲ್ಲ. ಡಾಕ್ಟರಮ್ಮ ತರಿಸಿದ, ಅಕ್ಕಪಕ್ಕ ಡಬ್ಬಿಯಿರುವ ಮುಖಗವಸೇ ಆಗಬೇಕು. ಒಳಗೆ ಎಲೆಅಡಿಕೆ ಇಲ್ಲ, ಬೀಡಿ ಇಲ್ಲ, ಒಂದು ಗುಟುಕು ನೀರೂ ಇಲ್ಲ. ಪೊರಕೆ ಮುಟ್ಟುವಂತಿಲ್ಲ, ಎಲ್ಲ ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ತೆಗೆದದ್ದೆಲ್ಲ ಎರಡು ಪದರದ ಚೀಲಕ್ಕೆ ಹೋಗಿ, ಬಾಯಿ ಕಟ್ಟಿಸಿಕೊಂಡು, ವಿಷದ ಕಸ ಇಳಿಸುವ ಕಡೆಗೆ ಲಾರಿ ಹತ್ತಬೇಕು. ಸಂಜೆ ಸ್ನಾನ ಮಾಡದೆ ಯಾರೂ ಮನೆಯ ದಾರಿ ಹಿಡಿಯುವಂತಿಲ್ಲ. ಚೌಡಪ್ಪ ಮತ್ತು ಅವನ ಇಬ್ಬರು ಆಳುಗಳ ಜೊತೆ ನಾನೂ ಒಳಗೆ ನಿಂತೆ. ಇವರನ್ನು ಕಾಯಲು ಒಬ್ಬಳು ಬೇಕಿತ್ತು. ನನ್ನ ಬಾಯಿಗೆ ಹೆದರದವರು ಆ ಕಾರ್ಖಾನೆಯಲ್ಲಿ ಯಾರಿದ್ದಾರೆ? ಮುಖಗವಸು ಕೆಳಗೆ ಸರಿಸಿದವನ ಕಿವಿ ಹಿಂಡಿದ್ದೇನೆ, ಸುಳ್ಳಲ್ಲ.

ನೆನೆದ ಬಣ್ಣ ಕಾದ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬರುತ್ತಿತ್ತು. ಒಂದು ಎದ್ದರೆ ಕೆಳಗೆ ಹಿಂದಿನ ವರ್ಷದ ಬಣ್ಣ, ಅದರ ಮೇಲೆ ಸಾಲಾಗಿ ಕೈಗಳು. ಊಟದ ಬಿಡುವಿನಲ್ಲಿ ಹೆಂಗಸರು ಬಂದು ಪ್ಲಾಸ್ಟಿಕ್ ಬಿಗಿದ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. “ಅಗೋ ನನ್ನದು! ಆಗ ಉಂಗುರ ಇತ್ತು ನೋಡು.” “ಅದನ್ನ ಅಡ ಇಟ್ಟು ಕುಡಿದ ನಿನ್ನ ಗಂಡ.” ನಗುತ್ತಿದ್ದರು. ಆಮೇಲೆ ಚೌಡಪ್ಪ ಲೇಪ ಮೆತ್ತುತ್ತಿದ್ದ, ಕೈಗಳು ಮುದ್ದೆಯಾಗಿ ಚೀಲಕ್ಕೆ ಬೀಳುತ್ತಿದ್ದವು, ಕಿಟಕಿಯಲ್ಲಿ ನಗು ನಿಲ್ಲುತ್ತಿತ್ತು. ಹಿಂದಿನ ವರ್ಷಗಳಿಗೆ ಇಳಿದಂತೆ ಅವರ ಅತ್ತೆಯರ, ಅಮ್ಮಂದಿರ ಕೈಗಳು ಬಂದವು. ಒಬ್ಬಳು ಕಿಟಕಿಯಲ್ಲೇ ಕೈ ಮುಗಿದಳು. ನನಗೂ ಒಳಗೆ ಕನ್ನಡಕ ಮಂಜಾಗುತ್ತಿತ್ತು. ಆದರೆ ನಿಲ್ಲಿಸಲಿಲ್ಲ. ಒಂದು ಕೈ ಉಳಿಸಿದರೆ ಎಲ್ಲ ಕೈ ಉಳಿಸಬೇಕಾಗುತ್ತದೆ, ಆಮೇಲೆ ಗೋಡೆ ಮೊದಲಿದ್ದ ಹಾಗೇ ಉಳಿಯುತ್ತದೆ.

ಕೆಂಪಿಗೆ ಇನ್ನು ಸ್ವಲ್ಪವೇ ಬಾಕಿ ಇದ್ದಾಗ ಚಪ್ಪರದಡಿ ಹೋಗಿ ಹೇಳಿದೆ: ಮುಂದಿನ ವಾರ ಕೆಂಪು ಬರುತ್ತದೆ, ಅದೂ ಉಳಿದವುಗಳ ಹಾಗೆಯೇ ಚೀಲಕ್ಕೆ ಹೋಗುತ್ತದೆ, ನೀಲಾಳನ್ನು ಕಿಟಕಿಯ ಹತ್ತಿರಕ್ಕೂ ಬಿಡುವುದಿಲ್ಲ. ಯಾರೂ ಮಾತಾಡಲಿಲ್ಲ. ಆ ಹೆಂಗಸರು ಸುಮ್ಮನಿದ್ದರೆ ಏನೋ ಬೇಯುತ್ತಿದೆ ಎಂದೇ ಅರ್ಥ. ನನಗೆ ಹೊಳೆಯಲಿಲ್ಲ. ಆ ಭಾನುವಾರ ನೀಲಾಳಿಗೆ ಬಳೆ ತೊಡಿಸಿ ಮಡಿಲು ತುಂಬುವ ಶಾಸ್ತ್ರ ಇತ್ತು, ನನ್ನ ತಲೆ ಅದರಲ್ಲಿ ಮುಳುಗಿತ್ತು.

ನೀಲಾಳ ಮನೆಯಂಗಳದಲ್ಲಿ ಮಣೆ ಹಾಕಿ ಅವಳನ್ನು ಕೂರಿಸಿದೆವು. ಹಸಿರು ಸೀರೆ, ಹಸಿರು ಬಳೆ, ಮುಖದಲ್ಲಿ ಕಳೆ ಬಂದಿತ್ತು. ರಕ್ತದಲ್ಲಿ ಸೀಸ ಇಳಿಯುತ್ತಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ತಟ್ಟೆಗಳಲ್ಲಿ ಚಿಗಳಿ, ತಂಬಿಟ್ಟು, ಬಾಳೆಹಣ್ಣು. ಒಬ್ಬೊಬ್ಬರೇ ಬಂದು ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿದರು. ಕೊನೆಗೆ ಕಾರ್ಖಾನೆಯ ಹೆಂಗಸರೆಲ್ಲ ಸೇರಿ ಒಂದು ದೊಡ್ಡ ತಟ್ಟೆ ಹಿಡಿದು ಬಂದರು, ಮೇಲೆ ಜರಿಯ ವಸ್ತ್ರ ಮುಚ್ಚಿತ್ತು. “ಇದು ನಮ್ಮೆಲ್ಲರ ಮಡಿಲಕ್ಕಿ ಕಣೇ ನೀಲಾ. ಅಮ್ಮ ಇಲ್ಲದ ಶಾಸ್ತ್ರ ಆಗ್ಬಾರ್ದು ಅಂತ,” ಎಂದು ಒಬ್ಬಳು ಹೇಳಿ ವಸ್ತ್ರ ಎತ್ತಿದಳು. ತಟ್ಟೆಯಲ್ಲಿ ಉರಿಯುವ ಕೆಂಪಿನ ಒಂದು ಅಗಲ ಚಕ್ಕೆ. ಅದರ ಮೇಲೆ ಬಲಗೈ ಗುರುತು, ಸೊಟ್ಟ ಕಿರುಬೆರಳು.

ಅವರು ಬೆಳಗ್ಗೆಯೇ ಹೋಗಿ, ಹಿಂದಿನ ಕಿಟಕಿಯ ಪ್ಲಾಸ್ಟಿಕ್ ಕೊಯ್ದು ಒಳಗೆ ಇಳಿದು, ಕೊಡೆಯ ಕಂಬಿಯಿಂದ ಗೋಡೆ ಕೊರೆದು ತಂದಿದ್ದರು. ಒಣ ಗೋಡೆಯನ್ನು, ಬರಿಗೈಯಲ್ಲಿ. ಅವರ ತಲೆಗೂದಲಲ್ಲಿ, ರವಿಕೆಯ ತೋಳಲ್ಲಿ ಕೆಂಪು ಪುಡಿ ಇತ್ತು. ನಾನು ಅದನ್ನು ಬಂದಾಗಲೇ ನೋಡಿ ಕುಂಕುಮ ಅಂದುಕೊಂಡಿದ್ದೆ. ಚಕ್ಕೆಯ ಅಂಚು ಉದುರಿ ಪುಡಿ ತಟ್ಟೆ ತುಂಬ ಹರಡಿತ್ತು, ಗಾಳಿಗೆ ಚಿಗಳಿಯ ಕಡೆಗೂ ಹಾರುತ್ತಿತ್ತು. ನೀಲಾಳ ಬಲಗೈ ತಾನಾಗಿ ಮುಂದೆ ಹೋಯಿತು, ಅಮ್ಮನ ಕೈ ಮೇಲೆ ಇಡಲು.

“ಮುಟ್ಟಬೇಡ!” ಎಂದು ನಾನು ಕಿರುಚಿದ್ದಕ್ಕೆ ವಾಲಗದವನು ಊದುವುದನ್ನು ನಿಲ್ಲಿಸಿಬಿಟ್ಟ. ಕೈ ಅಲ್ಲೇ ನಿಂತಿತು, ಆದರೆ ಹಿಂದಕ್ಕೆ ಬರಲಿಲ್ಲ. “ಒಂದ್ಸಲ ಮೇಸ್ತ್ರಕ್ಕ. ಒಂದೇ ಸಲ ಮುಟ್ಟಿ ಕೈ ತೊಳ್ಕೊಂಡ್ ಬಿಡ್ತೀನಿ,” ಎಂದಳು. ಅವಳ ದನಿ ಕೂಸಿನ ದನಿಯಾಗಿತ್ತು. ತಟ್ಟೆ ಹಿಡಿದವಳು, “ತಾಯಿ ಕೈ ಮಗಳಿಗೆ ವಿಷ ಆಗುತ್ತಾ ಮೇಸ್ತ್ರಕ್ಕ? ಇಷ್ಟು ಕಲ್ಲು ಮನಸ್ಸು ಇರ್ಬಾರ್ದು,” ಎಂದಳು. ಸುತ್ತ ಇದ್ದವರು ಹೌದು ಹೌದು ಎಂದರು. ಅತ್ತ ದರಿ ಇತ್ತ ಪುಲಿ. ಕಿತ್ತುಕೊಂಡು ಎಳೆದಾಡಿದರೆ ಪುಡಿ ಅವಳ ಮೈಮೇಲೇ ಸುರಿಯುತ್ತದೆ.

ನಾನು ನೆಲದಲ್ಲಿ ಅವಳ ಎದುರು ಕೂತೆ. “ನೀಲಾ, ನಿಂಗೆ ಇದನ್ನ ಯಾವತ್ತೂ ಹೇಳಿಲ್ಲ, ಈಗ ಕೇಳು. ಕೊನೇ ತಿಂಗಳು ನಿಮ್ಮಮ್ಮ ಬಾಗಿಲ ಹತ್ರ ಕೂತಿರ್ತಿದ್ಲು. ನೀನು ಆಗಷ್ಟೇ ಓಡೋಕೆ ಕಲ್ತಿದ್ದೆ. ಓಡಿ ಬಂದು ಎರಡೂ ಕೈ ಮೇಲೆತ್ತಿ, ಎತ್ಕೋ ಎತ್ಕೋ ಅಂತಿದ್ದೆ. ಅವಳ ಕೈ ಏಳ್ತಿರ್ಲಿಲ್ಲ ಕಣೇ. ಮಗೂನ ಎತ್ಕೊಳ್ಳೋಕಾಗ್ದೆ ಹಲ್ಲಲ್ಲಿ ನಿನ್ನ ಲಂಗದ ತುದಿ ಕಚ್ಚಿ ಎಳೆದು ಪಕ್ಕಕ್ಕೆ ಕೂರಿಸ್ಕೊಳ್ತಿದ್ಲು. ಅವಳ ಕೈ ತಿಂದಿದ್ದು ಇದೇ ಕೆಂಪು. ಇದು ಅವಳ ಕೈ ಅಲ್ಲ, ಅವಳ ಕೈಯನ್ನ ತಿಂದಿದ್ದು. ಇದನ್ನ ಮುಟ್ಟು ಅಂತ ಸಾಕಮ್ಮ ಹೇಳ್ತಾಳೆ ಅನ್ಸುತ್ತಾ ನಿಂಗೆ?”

ನೀಲಾ ಆ ಸೊಟ್ಟ ಬೆರಳನ್ನು ನೋಡಿದಳು, ತುಂಬ ಹೊತ್ತು ನೋಡಿದಳು. ಕಣ್ಣಲ್ಲೇ ಅದನ್ನು ಪೂರ್ತಿ ತೆಗೆದುಕೊಂಡಳು ಅನ್ನಿಸಿತು. ಆಮೇಲೆ ಕೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ಚೀಲಕ್ಕೆ ಹಾಕಿ ಮೇಸ್ತ್ರಕ್ಕ,” ಎಂದಳು.

ನಾನು ಪಕ್ಕದಲ್ಲಿದ್ದ ಕಳಸ ಎತ್ತಿ ಅದರ ನೀರನ್ನೆಲ್ಲ ಮೆಲ್ಲಗೆ ಆ ತಟ್ಟೆಯ ಮೇಲೆ ಸುರಿದೆ. ಶಾಸ್ತ್ರಕ್ಕೆ ಅಪಚಾರವಾಯಿತು ಎಂದು ಯಾರೋ ಗೊಣಗಿದರು. ಪುಡಿ ಹಾರುವುದು ನಿಂತಿತು, ನನಗೆ ಅಷ್ಟು ಸಾಕಿತ್ತು. ನೀಲಾಳನ್ನು ಎಬ್ಬಿಸಿ ಹಿತ್ತಿಲಲ್ಲಿ ತಲೆಗೆ ಸ್ನಾನ ಮಾಡಿಸಿದೆವು. ತಿಂಡಿಯನ್ನೆಲ್ಲ ಚೀಲಕ್ಕೆ ತುಂಬಿಸಿದೆ. ಕೊರೆದವರನ್ನು ಉಟ್ಟ ಬಟ್ಟೆಯಲ್ಲೇ ಕಾರ್ಖಾನೆಯ ಬಚ್ಚಲಿಗೆ ಹೊರಡಿಸಿದೆ. ತಟ್ಟೆ ತಂದವಳು ಅಳುತ್ತಾ, “ಒಳ್ಳೇದು ಮಾಡೋಣ ಅಂತ ಹೋದ್ವಿ ಮೇಸ್ತ್ರಕ್ಕ,” ಎಂದಳು. “ಗೊತ್ತು ಕಣೇ. ಅದಕ್ಕೇ ಬೈತಾ ಇಲ್ಲ, ನಡಿ,” ಎಂದೆ. ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ಬೈದೆ. ಮಾರನೆಯ ದಿನ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಅವರೊಬ್ಬೊಬ್ಬರ ಮನೆಯ ಹೊಸಿಲಿನಿಂದ ಹಾಸಿಗೆಯವರೆಗೆ ಒರೆಸಿಸಿದೆ, ಎಲ್ಲರನ್ನೂ ಸಾಲಾಗಿ ಮರದಡಿ ನಿಲ್ಲಿಸಿ ರಕ್ತ ಕೊಡಿಸಿದೆ. ಕೊಯ್ದ ಪ್ಲಾಸ್ಟಿಕ್ಕನ್ನು ಅವರೇ ಕೂತು ಹೊಲಿದುಕೊಡುತ್ತೇವೆ ಎಂದರು. ಬೇಡ, ಹೊಸದೇ ಹಾಕುತ್ತೇವೆ ಎಂದೆ.

ಕೆಂಪು ಹೋಯಿತು. ಅದರ ಹಿಂದಿನ ಹಸಿರು, ಅದರ ಹಿಂದಿನ ಬೂದು ಎಲ್ಲ ಹೋಗಿ ಕೊನೆಗೆ ಇಟ್ಟಿಗೆ ಕಂಡಿತು. ತೊಳೆದೆವು, ಒರೆಸಿದೆವು, ಮತ್ತೆ ತೊಳೆದೆವು. ಡಾಕ್ಟರಮ್ಮ ನೆಲವನ್ನೂ ಕಿಟಕಿಯ ಪಟ್ಟಿಯನ್ನೂ ಒದ್ದೆ ಬಟ್ಟೆಯ ಚೂರಿನಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು. ಒಂದು ಸಲ ಸಾಲದು ಎಂದು ಬಂತು, ಮತ್ತೆ ತೊಳೆದೆವು. ಸರಿಯಾಗಿದೆ ಎಂದು ಬಂದ ದಿನ ಚೌಡಪ್ಪ ಸುಣ್ಣ ಹೊಡೆದ. ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಂಡು ಅಡ್ಡಡ್ಡ ಕಾಲಿಟ್ಟರು. “ನೇರವಾಗಿ ಬನ್ನಿ ಸ್ವಾಮಿ,” ಎಂದೆ. ತೊಳೆದಿಟ್ಟ ತಂದೆಯ ಕುರ್ಚಿಯಲ್ಲಿ ಕೂತು, ಅವರು ಕೂಗಿಯೇ ಮಾತಾಡಿದರು. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ನಾನು ಒಂದು ಕೊಡೆ ತೆಗೆದು ಕೋಣೆಯ ನಡುವೆ ಪೂರ್ತಿ ಬಿಚ್ಚಿದೆ. ಅದರ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಇಷ್ಟು ವರ್ಷ ಎಂಥ ಕೊಡೆ ಮಾರಿದ್ದೇವೋ ದೇವರೇ ಬಲ್ಲ.

ನೀಲಾಳಿಗೆ ಹೆಣ್ಣು ಮಗುವಾಯಿತು. ಅತ್ತರೆ ಬೀದಿಯ ತುದಿಗೆ ಕೇಳುತ್ತಿತ್ತು. ಆ ಅಳು ಕೇಳಲೆಂದೇ ನಾನು ಸುತ್ತು ಬಳಸಿ ಆ ಬೀದಿಯಲ್ಲಿ ಹೋಗುತ್ತಿದ್ದೆ. ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ ನೀಲಾ ಕೆಲಸಕ್ಕೆ ಬಂದಳು, ಬಣ್ಣ ಹಚ್ಚುವ ದಿನವೂ ಬಂತು. ಹಚ್ಚಲು ಬಣ್ಣ ಇರಲಿಲ್ಲ. ಹೆಂಗಸರೆಲ್ಲ ಗೋಡೆಯ ಮುಂದೆ ಕೈ ಕಟ್ಟಿ ನಿಂತರು, ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ನೀಲಾ ನೆಲ ಒರೆಸುವವಳ ಬಕೆಟ್ಟನ್ನು ಸರಿಸಿ, ಇನ್ನೊಂದರಲ್ಲಿದ್ದ ಒಳ್ಳೆ ನೀರಿನಲ್ಲಿ ಕೈ ಅದ್ದಿ, ಅಮ್ಮ ಕೂರುತ್ತಿದ್ದ ಜಾಗದಲ್ಲಿ ಸುಣ್ಣದ ಗೋಡೆಗೆ ಒತ್ತಿದಳು. ಬಿಳಿ ಗೋಡೆಯ ಮೇಲೆ ಒದ್ದೆ ಕೈ ಮೂಡಿತು. ಒಬ್ಬೊಬ್ಬರಾಗಿ ಎಲ್ಲರೂ ಅದ್ದಿದರು, ಒತ್ತಿದರು, ನಾನೂ ಒತ್ತಿದೆ. ನೋಡುತ್ತಿದ್ದಂತೆಯೇ ಬೆರಳ ತುದಿಗಳಿಂದ ಆರುತ್ತಾ ಬಂತು. “ಹೋಗ್ತಾ ಇದೆ ಮೇಸ್ತ್ರಕ್ಕ,” ಎಂದಳು ನೀಲಾ. “ಹೋಗ್ಲಿ ಬಿಡೇ. ಕೈ ನಿನ್ನ ಹತ್ರಾನೇ ಇದೆಯಲ್ಲ,” ಎಂದೆ. ಅವಳ ಮಗಳು ಬಾಗಿಲ ಬಳಿಯ ಚಾಪೆಯಿಂದ ಎದ್ದು, ತಟ್ಟಾಡುತ್ತಾ ಬಂದು, ಅಮ್ಮನ ಮುಂದೆ ನಿಂತು ಎರಡೂ ಕೈ ಮೇಲೆತ್ತಿದಳು. ನೀಲಾ ಗೋಡೆಯ ಕಡೆ ನೋಡುವುದನ್ನು ಬಿಟ್ಟು ಬಗ್ಗಿ, ಎರಡೂ ಕೈಯಿಂದ ಅವಳನ್ನು ಎತ್ತಿಕೊಂಡಳು.